ಹದಿನಾಲ್ಕು ಸಲ ರದ್ದಾದ ಕೋಣೆ

ನನ್ನ ಫೋನಿನಲ್ಲಿ ಆಗ ಬರೀ ಕೋಣೆಗಳೇ ತುಂಬಿರುತ್ತಿದ್ದವು. ಸಮುದ್ರಕ್ಕೆ ಮುಖ ಮಾಡಿದ ಕೋಣೆ, ತೆಂಗಿನ ಮರಗಳ ನಡುವಿನ ಕೋಣೆ, ಬಾಲ್ಕನಿ ಇದ್ದದ್ದು, ಇಲ್ಲದ್ದು. ಪಣಜಿಯ ಔಷಧಿ ಅಂಗಡಿಯಲ್ಲಿ ನನ್ನ ಕೆಲಸ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೌಂಟರಿನ ಹಿಂದೆ ನಿಂತು ಕೋಣೆ ನೋಡುತ್ತಿದ್ದೆ. ಚಿಂಬಲ್‌ಗೆ ಮರಳುವ ಬಸ್ಸಿನಲ್ಲಿ ನೋಡುತ್ತಿದ್ದೆ, ಮನೆಯಲ್ಲಿ ಅನ್ನ ಕುದಿಯುವಾಗ ನೋಡುತ್ತಿದ್ದೆ. ಅಲ್ಲಿ ಹಿಂದೆ ಉಳಿದುಕೊಂಡವರು ಬರೆದ ಬೈಗುಳಗಳನ್ನೇ ಮೊದಲು ಓದುವುದು ನನ್ನ ಪದ್ಧತಿ. ಹೊಗಳಿಕೆಯನ್ನು ಯಾರು ಬೇಕಾದರೂ ಬರೆಯುತ್ತಾರೆ. ಬಾತ್‌ರೂಮಿನ ನಲ್ಲಿ ಸೋರುತ್ತದೆ ಎಂದು ಬರೆದವನು ಮಾತ್ರ ಖಂಡಿತ ಅಲ್ಲಿ ಮಲಗೆದ್ದವನು.

ಹೀಗೆ ಅಳೆದು ಸುರಿದು ಒಂದನ್ನು ಬುಕ್ ಮಾಡುತ್ತಿದ್ದೆ. ಆಮೇಲೆ ರದ್ದು ಮಾಡುತ್ತಿದ್ದೆ. ಮೂರು ವರ್ಷದಲ್ಲಿ ಹದಿನಾಲ್ಕು ಸಲ ಹೀಗಾಯಿತು.

ಗೋವಾದಲ್ಲೇ ಇದ್ದುಕೊಂಡು ಗೋವಾದಲ್ಲೇ ಕೋಣೆ ಹುಡುಕುವವಳಿಗೆ ತಲೆ ಕೆಟ್ಟಿದೆ ಎಂದು ಅಂಗಡಿಯವರು ನಗುತ್ತಿದ್ದರು. ನಕ್ಕರೆ ನನಗೆ ಹಟ ಹೆಚ್ಚು. ಈ ಹುಚ್ಚು ನನಗೆ ಸುಮ್ಮನೆ ಹತ್ತಿದ್ದಲ್ಲ. ನಮ್ಮವ್ವ ಆಡಿದ ಒಂದೇ ಒಂದು ಮಾತಿನಿಂದ ಹತ್ತಿದ್ದು.

ಅವ್ವ ಇಪ್ಪತ್ತೆರಡು ವರ್ಷದಿಂದ ಕಲಂಗುಟ್ ಕಡೆಯ ಒಂದು ಹೋಟೆಲಿನಲ್ಲಿ ಕೋಣೆ ಸ್ವಚ್ಛ ಮಾಡುತ್ತಿದ್ದಳು. ಸಿಂದಗಿ ಕಡೆಯ ಊರು ಬಿಟ್ಟು ಅಪ್ಪನ ಬೆನ್ನ ಹಿಂದೆ ಇಲ್ಲಿಗೆ ಬಂದಾಗ ನಾನು ಅವಳ ಕಂಕುಳಲ್ಲಿದ್ದೆ. ಅಪ್ಪ ಗೌಂಡಿ. ಅವನು ಕಟ್ಟಿದ ಹೋಟೆಲುಗಳ ಗೋಡೆಗಳು ಈಗಲೂ ಗಟ್ಟಿಯಾಗಿವೆ, ಅವನು ಮಾತ್ರ ತೀರಿಹೋಗಿ ಆರು ವರ್ಷವಾಯಿತು. ಅವ್ವನ ಕೆಲಸ ಎಂದರೆ ತಳ್ಳುಗಾಡಿ ಹಿಡಿದು ಬಾಗಿಲಿಂದ ಬಾಗಿಲಿಗೆ ಹೋಗುವುದು. ಬಡಿದರೆ ಒಳಗಿನಿಂದ ನಿದ್ದೆಗಣ್ಣಿನ ದನಿ ಬರುತ್ತಿತ್ತಂತೆ, "ಕಮ್ ಲೇಟರ್." ಎಷ್ಟೊತ್ತಿಗೆ ಎಂದು ಯಾರೂ ಹೇಳುವುದಿಲ್ಲ. ಅವಳು ಮತ್ತೆ ಮೂರನೆಯ ಮಹಡಿ ಹತ್ತಬೇಕು, ಮತ್ತೆ ಬಡಿಯಬೇಕು, ಮತ್ತೆ ಅದನ್ನೇ ಕೇಳಿಸಿಕೊಂಡು ಇಳಿಯಬೇಕು.

ಒಂದು ಸಂಜೆ ಅವ್ವ ಕೆಲಸದಿಂದ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ತನ್ನಷ್ಟಕ್ಕೆ ತಾನು ನಕ್ಕು ಹೇಳಿದಳು, "ಒಂದ್ ಸಲರ ಬಾಗಲದ ಒಳಗಿಂದ ನಾ ಅನ್ನಬೇಕ್ ನೋಡು, ಕಮ್ ಲೇಟರ್ ಅಂತ."

ಹೇಳಿ ಮರೆತುಬಿಟ್ಟಳು. ಕೇಳಿದ ನಾನು ಮರೆಯಲಿಲ್ಲ. ಅವತ್ತೇ ಫೋನ್ ತೆಗೆದು ಮೊದಲ ಕೋಣೆ ಬುಕ್ ಮಾಡಿದೆ.

ಆದರೆ ನಮ್ಮ ಓಣಿಯಲ್ಲಿ ರಜೆ ಎಂದರೆ ಊರು. ಚಿಂಬಲ್‌ನ ಆ ಒತ್ತೊತ್ತು ಮನೆಗಳಲ್ಲಿ ಯಾರಿಗಾದರೂ ಎರಡು ದಿನ ರಜೆ ಸಿಕ್ಕಿತೆಂದರೆ ಚೀಲ ಹೆಗಲಿಗೇರಿಸಿ ವಿಜಯಪುರದ ಬಸ್ಸು ಹಿಡಿಯುವುದೇ. ರಜೆಯ ಮೇಲಿನ ಹಕ್ಕು ಊರಿನದು, ನಮ್ಮದಲ್ಲ. ಅದರಲ್ಲೂ ಅವ್ವನ ತಂಗಿ, ನನ್ನ ಚಿಗವ್ವ, ಊರಲ್ಲಿ ಕೂತೇ ನಮ್ಮ ರಜೆಯ ವಾಸನೆ ಹಿಡಿಯುತ್ತಿದ್ದಳು. ನಾನು ಬುಕ್ ಮಾಡಿದ ಮರುದಿನವೇ ಅವಳ ಫೋನು. ಒಮ್ಮೆ ತೊಟ್ಟಿಲು, ಒಮ್ಮೆ ಬಸುರಿಯ ಕುಪ್ಪಸ, ಒಮ್ಮೆ ನಿಶ್ಚಯ, ಇನ್ನೊಮ್ಮೆ ಯಾರದೋ ಹೊಸ ಮನೆಯ ಶಾಂತಿ. "ನೀ ಬರ್ದಿದ್ರ ಹ್ಯಾಂಗ ಅಕ್ಕಾ" ಎಂದರೆ ಮುಗಿಯಿತು, ಅವ್ವ ಚೀಲ ತುಂಬಿಸಲು ಶುರು. ನಾನು ಹಲ್ಲು ಕಡಿಯುತ್ತ ರದ್ದು ಮಾಡುವ ಗುಂಡಿ ಒತ್ತುತ್ತಿದ್ದೆ. ಹನ್ನೊಂದನೆಯ ಸಲವಂತೂ ಊರಲ್ಲಿ ಹೊಸ ಎಮ್ಮೆ ತಂದಿದ್ದನ್ನು ನೋಡುವುದಕ್ಕೆ ಹೋದೆವು. ಆ ಎಮ್ಮೆಯ ಮುಖ ನೋಡಿದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಇದರ ಜೊತೆಗೆ ನಮ್ಮಿಬ್ಬರಿಗೂ ಇನ್ನೊಂದು ಜಗಳವಿತ್ತು. ನಾನು ಅಲೆದಾಡಿ ನನ್ನ ಆಧಾರಿಗೆ ಗೋವಾದ ವಿಳಾಸ ಹಾಕಿಸಿಕೊಂಡಿದ್ದೆ. ಕೊಂಕಣಿಯನ್ನು ಇಲ್ಲಿಯವರಂತೆಯೇ ಮಾತಾಡುವವಳು ನಾನು, ಕಾರ್ಡಿನಲ್ಲೂ ಇಲ್ಲಿಯವಳೇ ಆಗಬೇಕೆಂದು ನನ್ನ ಹಟ. ಅವ್ವ ಮಾತ್ರ ಜಪ್ಪಯ್ಯ ಎಂದರೂ ಊರಿನ ವಿಳಾಸ ಬಿಡಲಿಲ್ಲ.

"ಇರೋದು ಇಲ್ಲಿ, ಕಾರ್ಡ್ ಅಲ್ಲೀದು. ಏನ್ ಉಪಯೋಗ ಐತಿ ಅದರದ್ದು?" ಎಂದು ನಾನು ರೇಗುತ್ತಿದ್ದೆ.

"ಇರಲಿ ಬಿಡು. ನಾಳೆ ಸತ್ತರ ಎಲ್ಲಿಗೆ ಒಯ್ಯಬೇಕಂತ ಮಂದಿಗಿ ಗೊತ್ತಾಗ್ತೈತಿ" ಎನ್ನುತ್ತಿದ್ದಳು.

ಕಳೆದ ಸಂಕ್ರಾಂತಿ ಕಳೆದ ಮೇಲೆ ಅವ್ವ ಒಂದು ದಿನ ಮೊಣಕಾಲು ಉಜ್ಜಿಕೊಳ್ಳುತ್ತ, ಈ ಸೀಸನ್ ಮುಗಿದರೆ ಕೆಲಸ ಬಿಡುತ್ತೇನೆ, ಊರಿಗೆ ಹೋಗಿ ತಂಗಿಯ ಜೊತೆ ಇರುತ್ತೇನೆ ಅಂದಳು. ಒಮ್ಮೆ ಊರು ಸೇರಿದ ಅವ್ವನನ್ನು ಗೋವಾದ ಕೋಣೆಯೊಂದರಲ್ಲಿ ಮಲಗಿಸಲು ದೇವರಿಂದಲೂ ಆಗದು. ಅವಳು ಜೀವಮಾನವಿಡೀ ಬಾಗಿಲಿನ ಹೊರಗೇ ನಿಂತು ಹೊರಟುಹೋಗುತ್ತಾಳೆ ಅನಿಸಿ ಅಳು ಬಂತು. ಅತ್ತೂಬಿಟ್ಟೆ. ಆಮೇಲೆ ಮುಖ ತೊಳೆದು ಹದಿನೈದನೆಯ ಕೋಣೆ ಹುಡುಕಲು ಕೂತೆ.

ಈ ಸಲ ಸಿಕ್ಕಿದ್ದು ಕಾಣಕೋಣದಲ್ಲಿ. ಎರಡು ಮಹಡಿಯ ಸಣ್ಣ ಹೋಟೆಲು, ಮೇಲಿನ ಕೋಣೆಯ ಕಿಟಕಿ ತೆರೆದರೆ ಸಮುದ್ರ. ನಲ್ಲಿ ಸೋರುತ್ತದೆಂದು ಯಾರೂ ಬರೆದಿರಲಿಲ್ಲ. ಮಾರ್ಚಿನಲ್ಲಿ ಒಂದು ರಾತ್ರಿಗೆ ಬುಕ್ ಮಾಡಿದೆ. ಇನ್ನು ಅವ್ವನನ್ನು ಹೊರಡಿಸಬೇಕಲ್ಲ. ಊರಿಗಲ್ಲದ ರಜೆಗೆ ನಮ್ಮಲ್ಲಿ ಒಪ್ಪಿಗೆ ಸಿಗುವುದು ಮದುವೆಗೆ ಮಾತ್ರ. ಹಾಗಾಗಿ ಕಾಣಕೋಣದಲ್ಲಿ ನನ್ನ ಗೆಳತಿಯ ಮದುವೆ ಎಂದು ನಾಚಿಕೆಯಿಲ್ಲದೆ ಸುಳ್ಳು ಹೇಳಿದೆ. ಚಿಗವ್ವನಿಗೂ ಫೋನ್ ಮಾಡಿ ಅದನ್ನೇ ಹೇಳಿ ಅವಳ ಬಾಯಿಗೂ ಬೀಗ ಹಾಕಿದೆ.

ಅವ್ವ ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಮದುವೆಯ ಉಡುಗೊರೆ ಎಂದು ಹೊಸ ಸ್ಟೀಲ್ ಡಬ್ಬಿ ಹಿಡಿದು ತಯಾರಾದಳು. ಮಡಗಾಂವಿನಲ್ಲಿ ಬಸ್ಸು ಬದಲಿಸಿದೆವು. ಕುಂಕಳ್ಳಿಯಲ್ಲಿ ಕಾರ್ಖಾನೆಯ ಕೆಲಸಗಾರರು ಇಳಿದು ಬಸ್ಸು ಹಗುರಾದ ಮೇಲೆ ನಾನು ಬಾಯಿಬಿಟ್ಟೆ. ಮದುವೆ ಇಲ್ಲ, ಕೋಣೆ ಬುಕ್ ಮಾಡಿದ್ದೇನೆ, ಒಂದು ರಾತ್ರಿ ಅಲ್ಲಿ ಮಲಗುವುದು, ಅಷ್ಟೇ.

ಅವ್ವ ತೊಡೆಯ ಮೇಲಿನ ಡಬ್ಬಿಯನ್ನು ಒಮ್ಮೆ ತಿರುಗಿಸಿ ನೋಡಿದಳು. ಬೈಗುಳಕ್ಕೆ ನಾನು ತಯಾರಾಗಿ ಕೂತೆ.

"ಮತ್ತ ಈ ಡಬ್ಬಿ ಯಾರಿಗಿ ಕೊಡೂದು?" ಎಂದಳು.

ಇಳಿದು ಹೋಗುತ್ತೇನೆ ಎನ್ನಲಿಲ್ಲ. ಅಲ್ಲಿಗೆ ಅರ್ಧ ಗೆದ್ದಂತೆಯೇ ಎಂದುಕೊಂಡೆ. ನನ್ನ ಈ ಬೀಗುವ ಸ್ವಭಾವವೇ ಮುಂದೆ ಕೈಕೊಟ್ಟಿತು.

ಹೋಟೆಲಿನ ಕೌಂಟರಿನಲ್ಲಿ ನಡುವಯಸ್ಸಿನ ಒಬ್ಬ ಮನುಷ್ಯ ಕೂತಿದ್ದ. ಇಲ್ಲಿಯವಳೆಂದು ಗೊತ್ತಾದರೆ ಚಲೋ ಕೋಣೆ ಕೊಟ್ಟಾನು ಎಂದು ನಾನು ಹೋದವಳೇ ಅಚ್ಚ ಕೊಂಕಣಿಯಲ್ಲಿ ಮಾತಿಗಿಳಿದೆ. ಅವನ ಮುಖ ಸಪ್ಪಗಾಯಿತು. ನನ್ನ ಆಧಾರ್ ತೆಗೆದುಕೊಂಡು ವಿಳಾಸ ಓದಿ ಹಾಗೆಯೇ ಹಿಂದಕ್ಕೆ ಸರಿಸಿದ. ಇಲ್ಲಿನ ವಿಳಾಸ ಇದ್ದವರಿಗೆ ಕೋಣೆ ಕೊಡುವುದಿಲ್ಲ, ಮಾಲೀಕರ ನಿಯಮ ಎಂದ. ಇಲ್ಲಿನ ಹುಡುಗರೇ ಬಂದು ಕುಡಿದು ಗಲಾಟೆ ಮಾಡಿ ಹೋದ ಮೇಲೆ ಹಾಗೆ ಮಾಡಿದ್ದಾರಂತೆ. ಬುಕ್ ಮಾಡುವಾಗ ಕೆಳಗೆ ಬರೆದಿತ್ತಲ್ಲ ಎಂದು ನನ್ನ ಫೋನಿನಲ್ಲೇ ತೋರಿಸಿದ. ಹೌದು, ಬರೆದಿತ್ತು. ಮೂರು ವರ್ಷ ನಲ್ಲಿ ಸೋರುವುದನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದವಳು ಆ ಒಂದು ಸಾಲು ಓದಿರಲಿಲ್ಲ. ಗೋವಾದವಳಿಗೆ ಗೋವಾದಲ್ಲಿ ಹಾಗೊಂದು ನಿಯಮ ಇದ್ದೀತೆಂದು ಯಾರ ತಲೆಗೆ ಹೊಳೆಯುತ್ತದೆ?

ನನಗೆ ಪಿತ್ತ ನೆತ್ತಿಗೇರಿತು. ನಾವಿಬ್ಬರು ಹೆಂಗಸರು ಕುಡಿದು ಕುಣಿಯುವವರಂತೆ ಕಾಣುತ್ತೇವೆಯೇ ಎಂದು ಶುರು ಮಾಡಿದೆ. ಅವನು ಪಾಪ, ಕೈ ಮುಗಿದ. ಹಿಂದೆ ತಿರುಗಿ ನೋಡಿದರೆ ಅವ್ವ ಅಲ್ಲಿನ ಸೋಫಾದ ಪಕ್ಕದಲ್ಲಿ ನಿಂತೇ ಇದ್ದಳು. ಕೂರಲೋ ಬೇಡವೋ ಎಂಬಂತೆ ಅದರ ಬೆನ್ನಿಗೆ ಕೈ ಮಾತ್ರ ಇಟ್ಟಿದ್ದಳು. ಅದನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಹದಿನೈದನೆಯದೂ ಹೋಯಿತು. ಇಲ್ಲಿಂದ ಅವಳನ್ನು ಮತ್ತೆ ಬಸ್ಸು ಹತ್ತಿಸಿಕೊಂಡು ಯಾವ ಮುಖದಿಂದ ಹೋಗಲಿ?

ಆಗ ಅವ್ವ ಮುಂದೆ ಬಂದಳು. ಸೊಂಟದ ಎಲೆಅಡಿಕೆ ಚೀಲದಿಂದ ಪ್ಲಾಸ್ಟಿಕ್ ಹಾಳೆ ಸುತ್ತಿದ ತನ್ನ ಆಧಾರ್ ತೆಗೆದು, ಹಾಳೆ ಬಿಚ್ಚಿ, ಕೌಂಟರಿನ ಮೇಲಿಟ್ಟಳು.

"ಇದರ ನಡೀತೈತೇನ್ ಕೇಳು" ಎಂದಳು ನನಗೆ.

ಅವನು ಓದಿದ. ತಾಲೂಕು ಸಿಂದಗಿ, ಜಿಲ್ಲೆ ವಿಜಯಪುರ, ಕರ್ನಾಟಕ. ಮಾಲೀಕನಿಗೆ ಫೋನ್ ಮಾಡಿದ. ಕರ್ನಾಟಕದಿಂದ ಒಬ್ಬ ಹಿರಿಯ ಹೆಂಗಸು ಬಂದಿದ್ದಾರೆ, ಜೊತೆಗೆ ಮಗಳಿದ್ದಾಳೆ, ಮಗಳ ಕಾರ್ಡು ಮಾತ್ರ ಇಲ್ಲಿಯದು ಎಂದು ವಿವರಿಸಿದ. ಆ ಕಡೆಯಿಂದ ಏನು ಬಂತೋ, ಫೋನಿಟ್ಟು ಕೋಣೆಯನ್ನು ಅವ್ವನ ಹೆಸರಿಗೆ ಬರೆದುಕೊಂಡ. ನಾನು ಅವ್ವನ ಜೊತೆಯವಳಾದೆ. ನಾಲ್ಕು ವರ್ಷ ನಾನು ದಂಡ ಎಂದು ಹೀಯಾಳಿಸಿದ ಆ ಊರಿನ ವಿಳಾಸ ಒಂದು ನಿಮಿಷದಲ್ಲಿ ಬಾಗಿಲು ತೆರೆಸಿತ್ತು. ಅವ್ವ ನನ್ನನ್ನು ಓರೆಗಣ್ಣಿನಿಂದ ನೋಡಿದಳು.

ಅವನು ರಿಜಿಸ್ಟರ್ ತುಂಬುತ್ತ ಹಿಂದಿಯಲ್ಲಿ ಅವ್ವನನ್ನು ಮರ್ಯಾದೆಯಿಂದ ಕೇಳಿದ, ಗೋವಾಕ್ಕೆ ಮೊದಲ ಸಲ ಬರುತ್ತಿದ್ದೀರಾ ಎಂದು. ನಾನು ಬಾಯಿ ತೆರೆಯುವ ಮೊದಲೇ ಅವ್ವ ತಲೆ ಅಲ್ಲಾಡಿಸಿ, ಸೆರಗು ಸರಿಮಾಡಿಕೊಂಡು, ಅಪ್ಪಟ ನಮ್ಮೂರ ಮಾತಿನಲ್ಲಿ ಉತ್ತರ ಕೊಟ್ಟಳು.

"ಹೌದ್ರಿ, ಮೊದಲ ಸಲ."

ಮೆಟ್ಟಿಲು ಹತ್ತುವಾಗ, ಇಷ್ಟು ದೊಡ್ಡ ಸುಳ್ಳು ಹೇಳಿದೆಯಲ್ಲ ಎಂದು ಕಿವಿಯಲ್ಲಿ ಕೇಳಿದೆ. "ನೀ ಮದವಿ ಅಂದಿದ್ದೀ, ನಾ ಮೊದಲ ಸಲ ಅಂದೆ. ತಾಯಿ ಮಗಳು ಒಂದಽ ಆತು" ಎಂದಳು.

ಕೋಣೆಯೊಳಗೆ ಅವಳು ಮೊದಲು ಮಾಡಿದ್ದು ತಪಾಸಣೆ. ಗಾದಿಯ ಮೂಲೆ ಎತ್ತಿ ಚಾದರ ಹೇಗೆ ಮಡಚಿದ್ದಾರೆಂದು ನೋಡಿದಳು. ಕನ್ನಡಿಯ ಮೇಲಂಚಿಗೆ ಬೆರಳು ಆಡಿಸಿದಳು. ಹಾಸಿಗೆಯ ಮೇಲೆ ಟವೆಲಿನಲ್ಲಿ ಮಾಡಿಟ್ಟಿದ್ದ ಹಂಸದ ಕುತ್ತಿಗೆ ಸೊಟ್ಟಗಿದೆ ಎಂದು ಬಿಚ್ಚಿ ಬೇರೆ ಹಂಸ ಮಾಡಿಟ್ಟಳು. ಬಾತ್‌ರೂಮಿಗೆ ಹೋಗಿ ಬೇಸಿನ್ ಒರೆಸತೊಡಗಿದಾಗ ನಾನು ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಸಂಜೆ ಸಮುದ್ರದ ದಂಡೆಯಲ್ಲಿ ಇಳಕಲ್ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ನೀರಲ್ಲಿ ನಿಂತಳು. ಇಪ್ಪತ್ತೆರಡು ವರ್ಷ ಇದೇ ಸಮುದ್ರವನ್ನು ಮೂರನೆಯ ಮಹಡಿಯ ಕಿಟಕಿ ಒರೆಸುವಾಗ ನೋಡಿದ್ದಳು, ನೀರಿಗೆ ಇಳಿಯಲು ಪುರುಸೊತ್ತು ಸಿಕ್ಕಿದ್ದು ಇದೇ ಮೊದಲು.

ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ಬಡಿದ ಸದ್ದಾಯಿತು. ದಿನಾ ಐದಕ್ಕೆ ಏಳುವ ಅವ್ವ ಅವತ್ತು ಕತ್ತಿನವರೆಗೆ ಚಾದರ ಹೊದ್ದು, ಕಾಲು ಚಾಚಿ, ಅಗಲವಾದ ಆ ಹಾಸಿಗೆಯ ನಟ್ಟ ನಡುವೆ ಮಲಗಿದ್ದಳು. ಹೊರಗಿನಿಂದ ಹುಡುಗಿಯೊಬ್ಬಳ ದನಿ, "ಹೌಸ್‌ಕೀಪಿಂಗ್." ನಾನು ಏಳಲು ಹೋದೆ. ಅವ್ವ ಕೈ ಎತ್ತಿ ನನ್ನನ್ನು ತಡೆದಳು. ಗಂಟಲು ಸರಿಪಡಿಸಿಕೊಂಡಳು.

"ಕಮ್ ಲೇಟರ್" ಎಂದಳು ಅವ್ವ.

ದನಿ ಗಟ್ಟಿಯಾಗಿತ್ತು, ನಿದ್ದೆಗಣ್ಣಿನದೇ ಆಗಿತ್ತು. ಒಂದಿಷ್ಟೂ ತಡವರಿಸಲಿಲ್ಲ. ಹೊರಗೆ ತಳ್ಳುಗಾಡಿ ಅಲುಗಿದ ಸದ್ದಾಯಿತು. ನಾನು ದಿಂಬಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದೆ, ಕಣ್ಣಲ್ಲಿ ನೀರು ಬರುತ್ತಿತ್ತು. ಗೆದ್ದಿದ್ದೆ. ಹದಿನಾಲ್ಕು ರದ್ದು, ಒಂದು ಎಮ್ಮೆ, ಒಂದು ನಿಯಮ, ಎಲ್ಲವನ್ನೂ ನಾವಿಬ್ಬರೂ ಸೇರಿ ಗೆದ್ದಿದ್ದೆವು.

ಅವ್ವ ತಟ್ಟನೆ ಎದ್ದು ಕೂತಳು. ಗಾಡಿ ದೂರ ಹೋಗುವ ಮೊದಲೇ ಬಾಗಿಲಿನತ್ತ ತಿರುಗಿ, ಈ ಸಲ ಕೊಂಕಣಿಯಲ್ಲಿ, ಜೋರಾಗಿ ಕೂಗಿ ಹೇಳಿದಳು. ಹತ್ತೂವರೆಗೆ ಬಾ ಮಗಾ, ಅಷ್ಟರಲ್ಲಿ ಕೋಣೆ ಖಾಲಿ ಮಾಡಿರುತ್ತೇವೆ, ನಡುವೆ ಸುಮ್ಮನೆ ಹತ್ತಿ ಇಳಿಯಬೇಡ ಎಂದು. ಆಮೇಲೆ ಮತ್ತೆ ಹಿಂದಕ್ಕೆ ಒರಗಿ ಚಾದರ ಎಳೆದುಕೊಂಡಳು.

ಹತ್ತೂಕಾಲಿಗೆ ನಾವು ಹೊರಟೆವು. ಹಾಸಿಗೆಯ ಚಾದರ ಮುದ್ದೆಯಾಗಿ ಬಿದ್ದಿತ್ತು, ಅವ್ವ ಅದನ್ನು ಮುಟ್ಟಲಿಲ್ಲ. ನಾನು ಮಡಚಲು ಹೋದರೆ ಕೈಗೆ ಹೊಡೆದಳು. ದಿಂಬಿನ ಮೇಲೆ, ಎದ್ದು ಕಾಣುವ ಹಾಗೆ, ಆ ಸ್ಟೀಲ್ ಡಬ್ಬಿಯನ್ನು ಇಟ್ಟು ಬಾಗಿಲು ಎಳೆದುಕೊಂಡಳು.