ಮೂರನೇ ಚೆಂಡು ಯಾರದು

ಕೋವಿಡ್ ಕಾಲದ ರಜೆಗಳೆಲ್ಲ ಮುಗಿದು ಕಾಲೇಜುಗಳು ಹಳೆಯ ಲಯಕ್ಕೆ ಮರಳಿದ್ದ ವರ್ಷ. ನಾನು ಮೈಸೂರಿನ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ, ವಿದ್ಯಾರ್ಥಿಗಳ ಬಾಯಲ್ಲಿ ಪಿ.ಡಿ. ಸರ್. ವಯಸ್ಸು ಐವತ್ತು ದಾಟಿತ್ತು. ಹುಟ್ಟಾ ಗಾಬರಿಯ ಮನುಷ್ಯ. ನನ್ನ ಕಿಟ್ಟಿನಲ್ಲಿ ಎರಡು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳಿರುತ್ತವೆ; ಎರಡನೆಯದು, ಮೊದಲನೆಯದು ಕಳೆದುಹೋದರೆ ಇರಲಿ ಎಂದು. "ನಿಮ್ಗೆ ಸಂಬ್ಳ ಕೊಡೋದು ಆಟ ಕಲ್ಸೋಕಲ್ಲ ಕಣ್ರೀ, ಗಾಬ್ರಿ ಬೀಳೋಕೆ" ಎಂದು ನನ್ನ ಹೆಂಡತಿ ದಟ್ಟಗಳ್ಳಿಯ ನಮ್ಮ ಮನೆ ಗೇಟಿನಲ್ಲಿ ನಿಂತು ಎಷ್ಟೋ ಸಲ ಹೇಳಿದ್ದಾಳೆ.

ನಮ್ಮ ಕಾಲೇಜಿಗೆ ಹುಡುಗಿಯರ ಸಾಫ್ಟ್‌ಬಾಲ್ ತಂಡವಿತ್ತು. ಗೊತ್ತಿಲ್ಲದವರಿಗೆ ಎರಡು ಮಾತು. ಚೆಂಡು ಕ್ರಿಕೆಟ್ಟಿನದಕ್ಕಿಂತ ದೊಡ್ಡದು, ಎಸೆಯುವವಳು ನಲವತ್ತಮೂರು ಅಡಿ ದೂರದಿಂದ ಕೈ ಕೆಳಗಿನಿಂದ ಎಸೆಯುತ್ತಾಳೆ. ಹೊಡೆಯುವವಳಿಗೆ ಸಿಗುವುದು ಸುಮಾರು ಅರ್ಧ ಸೆಕೆಂಡು. ಒಳ್ಳೆಯ ಚೆಂಡನ್ನು ಹೊಡೆಯದೆ ಬಿಟ್ಟರೆ ಅಥವಾ ಬೀಸಿ ತಪ್ಪಿದರೆ ಅದು ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಔಟ್. ಹೊಡೆದರೆ, ಮೈದಾನದ ಮೂಲೆಗಳಲ್ಲಿರುವ ಬೇಸ್‌ಗಳನ್ನು ಒಂದೊಂದಾಗಿ ಮುಟ್ಟುತ್ತ ಓಡಬೇಕು.

ಆ ಅರ್ಧ ಸೆಕೆಂಡಿನಲ್ಲಿ ಮೈ ಏನು ಮಾಡಬೇಕು ಎಂಬುದರ ಮೇಲೆ ಜಗತ್ತಿನ ಕೋಚ್‌ಗಳೆಲ್ಲ ಎರಡು ಪಂಗಡವಾಗಿದ್ದಾರೆ. ಒಂದು ಲೀನಿಯರ್: ಭಾರ ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ನೇರವಾಗಿ ಹರಿಯಬೇಕು, ಬ್ಯಾಟು ಮೇಲಿನಿಂದ ಚೆಂಡಿನ ಮೇಲೆ ಇಳಿಯಬೇಕು. ಇನ್ನೊಂದು ರೊಟೇಷನಲ್: ಭಾರ ಹಿಂದೆಯೇ ನಿಲ್ಲಬೇಕು, ಮೊದಲು ಸೊಂಟ ತಿರುಗಬೇಕು, ಇಳಿದು ಬರುವ ಚೆಂಡಿಗೆ ಬ್ಯಾಟು ತುಸು ಮೇಲ್ಮುಖವಾಗಿ ಎದುರಾಗಬೇಕು. ನಾನು ಇಪ್ಪತ್ತೈದು ವರ್ಷದಿಂದ ಮೊದಲನೆಯದನ್ನೇ ಕಲಿಸುತ್ತಿದ್ದೆ. "ಕೊಡಲಿ ಇಳಿಸ್ದಂಗೆ ಇಳೀಬೇಕಮ್ಮ" ಎನ್ನುತ್ತಿದ್ದೆ. ಆ ವರ್ಷ ಗುತ್ತಿಗೆಯ ಮೇಲೆ ಬಂದ ಸಹಾಯಕ ಕೋಚ್ ಸುಚೇತಾ, ರಾಜ್ಯ ತಂಡಕ್ಕೆ ಆಡಿದವರು, ಮೊದಲ ದಿನವೇ ಹುಡುಗಿಯರಿಗೆ "ಬಾಗ್ಲು ಕೀಲಿನ್ ಮೇಲೆ ತಿರುಗ್ದಂಗೆ ಸೊಂಟ ತಿರುಗ್ಲಿ" ಎಂದರು. ವಾರದೊಳಗೆ ತಂಡದಲ್ಲಿ ಕೊಡಲಿ ಪಾರ್ಟಿ, ಬಾಗಿಲು ಪಾರ್ಟಿ ಎಂದು ಹೆಸರು ಬಿದ್ದಿತ್ತು. ನಾವಿಬ್ಬರು ಜಗಳವಾಡಲಿಲ್ಲ. ಬಹಳ ವಿನಯದಿಂದ, ಒಬ್ಬರ ಬೆನ್ನ ಹಿಂದೆ ಒಬ್ಬರು, ಮಕ್ಕಳನ್ನು ತಿದ್ದುತ್ತಿದ್ದೆವು.

ಈ ವಿನಯದ ನಡುವೆ ಸಿಕ್ಕಿಬಿದ್ದವಳು ಭವ್ಯ. ಹೂಟಗಳ್ಳಿಯ ಹುಡುಗಿ, ತಂದೆ ಅಲ್ಲೇ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಕೊನೆಯ ವರ್ಷದ ಬಿ.ಎ. ಮುಂದೆ ಬಿ.ಪಿ.ಎಡ್. ಮಾಡಿ ಆಟದ ಟೀಚರ್ ಆಗಬೇಕೆಂದು ಅವಳಿಗೆ ಆಸೆ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಪ್ರಮಾಣಪತ್ರವಿದ್ದರೆ ಸೀಟು ಸುಲಭ, ಇಲ್ಲದಿದ್ದರೆ ಅವಳ ಅಂಕಗಳಿಗೆ ಕಷ್ಟ. ಆ ತಂಡದ ಆಯ್ಕೆಗೆ ಆ ವರ್ಷವೇ ಕೊನೆಯ ಅವಕಾಶ. ಹೊಡೆಯುವುದರಲ್ಲಿ ಅವಳನ್ನು ಮೀರಿಸುವವರು ನಮ್ಮಲ್ಲಿರಲಿಲ್ಲ. ಆ ತಿಂಗಳು ಮಾತ್ರ ಅವಳ ಬ್ಯಾಟಿಗೆ ಚೆಂಡು ತಾಗುವುದೇ ನಿಂತುಹೋಯಿತು.

ಆಯ್ಕೆಗೆ ಹತ್ತು ದಿನ ಇದ್ದಾಗ ಅಭ್ಯಾಸ ಪಂದ್ಯ. ನಿಯಮದ ಪ್ರಕಾರ ಹೊಡೆಯುವ ತಂಡದ ಇಬ್ಬರು ಕೋಚ್‌ಗಳು ಮೈದಾನದೊಳಗೆ ನಿಲ್ಲಬಹುದು, ಒಬ್ಬರು ಮೊದಲ ಬೇಸಿನ ಬಳಿ, ಒಬ್ಬರು ಮೂರನೆಯದರ ಬಳಿ. ಈ ಕಡೆಯಿಂದ ನಾನು "ಮುಂದಕ್ಕೆ, ಮುಂದಕ್ಕೆ" ಎಂದೆ. ಆ ಕಡೆಯಿಂದ ಸುಚೇತಾ "ಹಿಂದೇನೇ ಇರು" ಎಂದರು. ಭವ್ಯ ಮೂರು ಸಲ ಆಡಲು ಬಂದು ಮೂರು ಸಲವೂ ಔಟಾದಳು. ವಿಚಿತ್ರವೆಂದರೆ ಮೂರು ಸಲವೂ ಕೊನೆಯ ಚೆಂಡಿಗೆ ಬ್ಯಾಟನ್ನೇ ಎತ್ತಲಿಲ್ಲ. ಬಸ್ಸು ಹೋಗುವುದನ್ನು ನೋಡುವಂತೆ ನೋಡುತ್ತ ನಿಂತಳು. ನಾನು ಅಷ್ಟು ಹೊತ್ತಿಗೆ ಅವಳ ಕಣ್ಣಿನ ದೋಷ, ರಕ್ತಹೀನತೆ, ಮನೆಯ ಸಮಸ್ಯೆ ಎಲ್ಲವನ್ನೂ ಮನಸ್ಸಿನಲ್ಲೇ ಪತ್ತೆಮಾಡಿ ಮುಗಿಸಿದ್ದೆ.

"ಏನಾಯ್ತಮ್ಮ?" ಎಂದು ಕರೆದು ಕೇಳಿದೆ. ಸುಚೇತಾ ಪಕ್ಕದಲ್ಲೇ ಇದ್ದರು.

ಅವಳು ನೆಲ ನೋಡುತ್ತ ಹೇಳಿದಳು: "ಮೊದಲ್ನೇ ಬಾಲು ನೀವ್ ಹೇಳ್ದಂಗೆ ಹೊಡೀತೀನಿ ಸರ್. ಎರಡ್ನೇದು ಮೇಡಮ್ ಹೇಳ್ದಂಗೆ. ಇಬ್ರಿಗೂ ಬೇಜಾರಾಗ್ಬಾರ್ದಲ್ಲ. ಮೂರ್ನೇದು ಯಾರ್ದು ಅಂತ ಗೊತ್ತಾಗ್ದೆ ನಿಂತ್ಬುಡ್ತೀನಿ."

ಗುರುಗಳಿಬ್ಬರಿಗೂ ಸಮಪಾಲು ಕೊಟ್ಟು ತನಗೇನೂ ಉಳಿಸಿಕೊಳ್ಳದ ಲೆಕ್ಕಾಚಾರ ಅದು. ಸುಚೇತಾ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಆದರೂ ಬುದ್ಧಿ ಎಲ್ಲಿ ಹೋಗುತ್ತದೆ? ಮರುದಿನ ಬೆಳಿಗ್ಗೆ ನಾನು ಮಾಡಿದ ಯೋಜನೆ, ಯಾರು ಸರಿ ಎಂದು ಒಮ್ಮೆ ತೀರ್ಮಾನಿಸಿಬಿಡುವುದು. ಮೊಬೈಲಿನಲ್ಲಿ ಸ್ಲೋ ಮೋಷನ್ ಇರುತ್ತದಲ್ಲ. ಚೆಂಡನ್ನು ಸೊಂಟದ ಎತ್ತರಕ್ಕೆ ಇಡುವ ರಬ್ಬರ್ ಕಂಬವೊಂದಿತ್ತು. ಅದರ ಮೇಲೆ ಚೆಂಡಿಟ್ಟು ನಾನು ಹೊಡೆಯುವುದು, ಆಮೇಲೆ ಸುಚೇತಾ ಹೊಡೆಯುವುದು, ಭವ್ಯ ವಿಡಿಯೊ ಮಾಡುವುದು. ಹೊಡೆಯುವ ಮೊದಲು ನಾನು ಸೊಂಟಕ್ಕೆ ಬೆಲ್ಟು, ಮಂಡಿಗೆ ಪಟ್ಟಿ ಬಿಗಿದುಕೊಂಡೆ. ಐದು ಹೊಡೆದೆ. ಐದೂ ಚೆನ್ನಾಗಿ ಹೋದವು. ಕೊಡಲಿ ಸರಿಯಾಗಿಯೇ ಇಳಿದಿದೆ ಎಂದು ಮೈಯೆಲ್ಲ ಹೇಳುತ್ತಿತ್ತು.

ಮರದ ನೆರಳಿನಲ್ಲಿ ಮೂವರೂ ಮೊಬೈಲಿನ ಮೇಲೆ ಬಗ್ಗಿದೆವು. ತೆರೆಯ ಮೇಲಿನ ಬೊಜ್ಜಿನ ಗಂಡಸು ನಾನೇ ಎಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಅವನ ಸೊಂಟ ಮೊದಲು ತಿರುಗಿತು. ಕೈ ಆಮೇಲೆ ಬಂತು. ಬ್ಯಾಟು ಸ್ವಲ್ಪ ಕೆಳಗಿಳಿದು, ಚೆಂಡಿಗೆ ತಾಗುವ ಹೊತ್ತಿಗೆ ಸ್ಪಷ್ಟವಾಗಿ ಮೇಲೇರುತ್ತಿತ್ತು. ಐದಕ್ಕೆ ಐದೂ ಹಾಗೆಯೇ. ಸುಚೇತಾ ತುಟಿ ಕಚ್ಚಿ ನಗು ತಡೆದರು. ಆಮೇಲೆ ಅವರ ವಿಡಿಯೊ. ಭಾರ ಹಿಂದೆಯೇ ಇರಲಿ ಎನ್ನುವ ಅವರ ಹಿಂದಿನ ಕಾಲು, ಚೆಂಡು ತಾಗುವ ಕ್ಷಣದಲ್ಲಿ ನೆಲ ಬಿಟ್ಟು ಗಾಳಿಯಲ್ಲಿತ್ತು. ಭಾರವೆಲ್ಲ ಮುಂದಿನ ಕಾಲಿನ ಮೇಲೆ.

ಭವ್ಯ ಇನ್ನೊಂದು ಸಲ ನೋಡಿ, ಬಹಳ ಎಚ್ಚರಿಕೆಯಿಂದ ಹೇಳಿದಳು: "ಸರ್, ನೀವು ಮೇಡಮ್ ಹೇಳ್ದಂಗೆ ಹೊಡೀತೀರ. ಮೇಡಮ್ಮು ನೀವ್ ಹೇಳ್ದಂಗೆ ಹೊಡೀತಾರೆ."

ಮೊದಲು ನಕ್ಕವರು ಸುಚೇತಾ. ಆಮೇಲೆ ನಾನು. ಭವ್ಯ ನಮ್ಮಿಬ್ಬರ ಅಪ್ಪಣೆಗೆ ಕಾದಂತೆ ತಡವಾಗಿ ಶುರುಮಾಡಿ, ಕೊನೆಗೆ ನೆಲದ ಮೇಲೆ ಕೂತೇಬಿಟ್ಟಳು. ಆ ತಿಂಗಳಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಇಪ್ಪತ್ತೈದು ವರ್ಷದಿಂದ ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ನನಗೆ ಅನ್ನಿಸಿದ್ದನ್ನು, ನಾನು ಮಾಡಿದ್ದನ್ನಲ್ಲ. ಅವಳ ಹಳೆಯ ಆಟದ ವಿಡಿಯೊ ಹುಡುಕಿ ನೋಡಿದರೆ ಅವಳಲ್ಲಿ ಎರಡೂ ಇದ್ದವು. ಹೆಜ್ಜೆ ಮುಂದಕ್ಕೆ, ಆ ಕಾಲು ಗಟ್ಟಿ ಊರಿದ ಮೇಲೆ ಸೊಂಟದ ತಿರುವು. ನಾವಿಬ್ಬರೂ ಸೇರಿ ಕಿತ್ತುಹಾಕುತ್ತಿದ್ದದ್ದು ಅದನ್ನೇ.

"ಇನ್ಮೇಲೆ ಮೂರೂ ಬಾಲು ನಿಂದೇ ಕಣಮ್ಮ" ಎಂದೆ. "ನಾವು ಬಾಯಿ ಬಿಡಲ್ಲ."

ಹೇಳುವುದು ಸುಲಭ. ಆಯ್ಕೆಯ ದಿನ ನಾವಿಬ್ಬರೂ ಬೇಲಿಯ ಹೊರಗೆ ನಿಂತಿದ್ದೆವು. ಬಾಯಿ ತಡೆಯಲಾರದ ನನ್ನ ಕೈಗೆ ಸುಚೇತಾ ಕಡಲೆಕಾಯಿ ಚಿಕ್ಕಿ ಕೊಟ್ಟು, "ಇದನ್ ಬಾಯಿಗಾಕ್ಕೊಳಿ ಸರ್, ಅಗೀತಾ ಇರಿ" ಎಂದರು. ಒಬ್ಬೊಬ್ಬರಿಗೆ ಎರಡು ಅವಕಾಶ. ಮೊದಲನೆಯದರಲ್ಲಿ ಭವ್ಯ ಹೊಡೆದ ಚೆಂಡು ನೇರ ಎದುರಾಳಿಯ ಕೈಗೇ ಹೋಯಿತು. ಎರಡನೆಯದರಲ್ಲಿ ಮೊದಲ ಚೆಂಡು ಬೀಸಿ ತಪ್ಪಿದಳು. ಮುಂದಿನದು ಬ್ಯಾಟಿನ ಅಂಚಿಗೆ ತಾಗಿ ಗೆರೆಯಾಚೆ ಹೋಯಿತು, ಅದೂ ಸ್ಟ್ರೈಕೇ. ಉಳಿದದ್ದು ಮೂರನೇ ಚೆಂಡು. ಅವಳು ಒಮ್ಮೆ ಬೇಲಿಯ ಕಡೆ ನೋಡಿದಳು. ನಮ್ಮಿಬ್ಬರ ಬಾಯಲ್ಲೂ ಚಿಕ್ಕಿ. ತಿರುಗಿ ನಿಂತಳು.

ಅಲ್ಯೂಮಿನಿಯಂ ಬ್ಯಾಟಿನ ಠಣ್ ಎಂಬ ಸದ್ದು ಕೇಳಿಸಿತು. ಆಮೇಲೆ ಓಡುವ ಕಾಲಿನ ಸದ್ದು. ಎರಡನೇ ಬೇಸಿನ ಮೇಲೆ ನಿಂತು ಭವ್ಯ ಹೆಲ್ಮೆಟ್ ಸರಿಮಾಡಿಕೊಳ್ಳುತ್ತಿದ್ದಳು.

"ಸರ್, ನೋಡಿದ್ರಾ? ಕೊಡ್ಲಿನಾ, ಬಾಗ್ಲಾ?" ಎಂದರು ಸುಚೇತಾ.

"ಗೊತ್ತಿಲ್ಲ ಕಣ್ರೀ. ಕಣ್ಮುಚ್ಕೊಂಡ್ಬುಟ್ಟಿದ್ದೆ."

ಸಂಜೆ ಗೋಡೆಗೆ ಅಂಟಿಸಿದ ಹದಿನಾರು ಹೆಸರಿನ ಪಟ್ಟಿಯಲ್ಲಿ ಅವಳದು ಹದಿಮೂರನೆಯದು. ನಾನು ನಾಲ್ಕು ಸಲ ಓದಿದೆ, ಬೇರೆ ಕಾಲೇಜಿನ ಬೇರೆ ಭವ್ಯ ಇರಬಹುದೆಂದು. ಅವಳೇ. ಆ ರಾತ್ರಿ ಎಷ್ಟೋ ವಾರದ ಮೇಲೆ ಗಟ್ಟಿ ನಿದ್ದೆ ಬಂತು.

ಈಗಲೂ ಅದೇ ಹುದ್ದೆ. ಹೊಸ ಹುಡುಗಿ ಬಂದರೆ ಮೊದಲ ವಾರ ನಾನು ಏನೂ ಕಲಿಸುವುದಿಲ್ಲ. ಅವಳು ಹೊಡೆಯುವುದನ್ನು ವಿಡಿಯೊ ಮಾಡಿ, ಅವಳ ಮೈಗೆ ಆಗಲೇ ಏನು ಗೊತ್ತಿದೆ ಎಂದು ನೋಡುತ್ತೇನೆ. ತಿದ್ದುವ ಮಾತು ಇದ್ದರೆ ಅದು ಅಭ್ಯಾಸದಲ್ಲಿ, ಒಂದೇ ಬಾಯಿಂದ. ಪಂದ್ಯದ ದಿನ ಕಲಿಸುವವನ ಕೆಲಸ ಬೇಲಿಯ ಹೊರಗೆ ಮುಗಿದಿರಬೇಕು. ಇಷ್ಟು ಕಲಿಯಲು ನನಗೆ ಕಾಲು ಶತಮಾನ ಬೇಕಾಯಿತು. ಅಂದಹಾಗೆ, ಕಿಟ್ಟಿನಲ್ಲಿ ಎರಡು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳ ಜೊತೆಗೆ ಈಗ ಚಿಕ್ಕಿಯ ಪೊಟ್ಟಣವೂ ಇರುತ್ತದೆ. ಎರಡು ಪೊಟ್ಟಣ.