ಲೇಬಲ್ ಓದುತ್ತಿದ್ದ ಬದರಿನಾಥ

ಕಡಲೆಕಾಯಿ ಪರಿಷೆ ನಡೆಯುವ ಬಸವನಗುಡಿಯಲ್ಲಿ ಹುಟ್ಟಿದವನು ನನಗೆ ಕಡಲೆಕಾಯಿ ಆಗುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಬದರಿನಾಥನನ್ನು ಹೆತ್ತ ತಾಯಿಯೇ ನಂಬಲಿಲ್ಲ. ಐದನೇ ವಯಸ್ಸಿನಲ್ಲಿ ನಾಲ್ಕು ಬೀಜ ತಿಂದು ತುಟಿ ಬದನೆಕಾಯಿಯಂತೆ ಊದಿಕೊಂಡಾಗ ಆಕೆ ದೃಷ್ಟಿ ತೆಗೆದಳು. ಊತ ಇಳಿದ ಮೇಲೆ, ಹೆದರಿಕೆ ಹೋಗಲಿ ಎಂದು ಮತ್ತೆ ನಾಲ್ಕು ತಿನ್ನಿಸಿದಳು. ಹುಡುಗ ಹೇಗೋ ಬದುಕಿಕೊಂಡ. ಹೆದರಿಕೆ ಮಾತ್ರ ಹೋಗಲಿಲ್ಲ.

ದೊಡ್ಡವನಾಗಿ ಸರ್ಕಾರಿ ಗುಮಾಸ್ತನಾದ, ವಾರಿಜಳನ್ನು ಮದುವೆಯಾದ, ಜಯನಗರದ ಒಂಬತ್ತನೇ ಬ್ಲಾಕಿನಲ್ಲಿ ಬಾಡಿಗೆ ಮನೆ ಹಿಡಿದ. ಮದುವೆ ಮನೆಗಳಲ್ಲಿ ಅವನ ಎಲೆಯ ಮೇಲೆ ಮೊಸರನ್ನ ಒಂದೇ. ಚಿತ್ರಾನ್ನ, ಪಲ್ಯ, ಗೊಜ್ಜು, ಯಾವುದರಲ್ಲಿ ಆ ಬೀಜ ಅಡಗಿ ಕೂತಿದೆಯೋ ಹೇಳಲಾಗದು. ಕೇಳಿದರೆ ಬಡಿಸುವವರು "ಇಲ್ಲ, ಇಲ್ಲ" ಎನ್ನುತ್ತಿದ್ದರು; ಅವರಿಗೆ ಪಂಕ್ತಿ ಮುಂದೆ ಸಾಗಬೇಕು.

ಅಂಥವನ ಕಾಲಕ್ಕೆ ಪೊಟ್ಟಣಗಳ ಮೇಲೆ ಒಳಗಿನ ಪದಾರ್ಥಗಳ ಪಟ್ಟಿ ಅಚ್ಚಾಗಿ ಬರತೊಡಗಿತು. ಮನುಷ್ಯರ ಬಾಯನ್ನು ನಂಬದವನು ಅಚ್ಚಿನ ಅಕ್ಷರವನ್ನು ನಂಬಿದ. ತಿರುಮಲೇಶನ ಅಂಗಡಿಯಲ್ಲಿ ಕನ್ನಡಕ ಹಣೆಗೇರಿಸಿ, ಬಿಸ್ಕತ್ತಿನಿಂದ ಉಪ್ಪಿನಕಾಯಿಯವರೆಗೆ ಒಂದೊಂದನ್ನೂ ತಿರುಗಿಸಿ ತಿರುಗಿಸಿ ಓದುತ್ತಿದ್ದ.

"ಏನ್ ಸ್ವಾಮಿ, ಈ ವಯಸ್ಸಲ್ಲಿ ಎಸ್ಸೆಸ್ಸೆಲ್ಸಿ ಕಟ್ಟಿದೀರಾ?" ಎಂದು ತಿರುಮಲೇಶ ಕೇಳುತ್ತಿದ್ದ. ಅಂಗಡಿಯ ಮುಂದೆ ನಿಂತವರು ನಗುತ್ತಿದ್ದರು. ನಗುವವರು ಇನ್ನೊಂದು ಸೋಪು ಕೊಳ್ಳುತ್ತಾರೆ ಎಂಬುದು ತಿರುಮಲೇಶನಿಗೆ ಗೊತ್ತಿತ್ತು.

ಆ ಅಂಗಡಿಯಲ್ಲಿ ಎಲ್ಲಕ್ಕಿಂತ ಬೇಗ ಖರ್ಚಾಗುತ್ತಿದ್ದುದು ಹಿಂದಿನ ರಸ್ತೆಯ ಸೀತಮ್ಮನ ಚಟ್ನಿಪುಡಿ. ಆಕೆ ಮಡಿಯುಟ್ಟು ಹುರಿದು ಕುಟ್ಟುತ್ತಿದ್ದ ವಿಧವೆ. ಲೇಬಲ್ಲಿನಲ್ಲಿ ಕಡಲೆಬೇಳೆ, ಉದ್ದಿನಬೇಳೆ, ಕೊಬ್ಬರಿ, ಮೆಣಸಿನಕಾಯಿ ಎಂದು ಸಣ್ಣಕ್ಷರದ ಪಟ್ಟಿ. ಅದರ ಕೆಳಗೆ ಕೆಂಪು ದಪ್ಪಕ್ಷರದಲ್ಲಿ 'ಈರುಳ್ಳಿ ಬೆಳ್ಳುಳ್ಳಿ ಸೇರಿಲ್ಲ'. ಗಿರಾಕಿಗಳು ಕೆಂಪನ್ನು ಮಾತ್ರ ಓದುತ್ತಿದ್ದರು. ಕಪ್ಪನ್ನು ಓದುತ್ತಿದ್ದವನು ಬದರಿನಾಥ ಒಬ್ಬನೇ. ಎರಡು ವರ್ಷ ಧೈರ್ಯವಾಗಿ ಕಲಸಿಕೊಂಡು ತಿಂದ.

ಎಂಬತ್ತೊಂದನೇ ಇಸವಿಯಲ್ಲಿ ಕೊಬ್ಬರಿ ಬೆಲೆ ಏರಿತು. ಸೀತಮ್ಮ ಕೊಬ್ಬರಿ ಅರ್ಧಕ್ಕಿಳಿಸಿ ಕಡಲೆಕಾಯಿ ಬೀಜ ಸೇರಿಸಿದಳು. ರುಚಿ ಹೆಚ್ಚಾಯಿತೆಂದು ಜನ ಹೊಗಳಿದರು. ಲೇಬಲ್ ಎರಡು ಸಾವಿರ ಮಿಕ್ಕಿದ್ದವು, ಅವನ್ನೇ ಅಂಟಿಸಿದಳು. ಬದರಿನಾಥ ಎಂದಿನಂತೆ ಪಟ್ಟಿ ಓದಿದ, ಕೊಂಡ, ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿ ಎರಡು ತುತ್ತು ನುಂಗಿದ. ಮೂರನೆಯದು ಗಂಟಲಲ್ಲಿ ಇಳಿಯಲಿಲ್ಲ. ವಾರಿಜ ಆಟೋ ಹಿಡಿದು, ತಿರುಮಲೇಶನ ಅಂಗಡಿಯ ಎದುರಿಗಿದ್ದ ಡಾಕ್ಟರ ಕ್ಲಿನಿಕ್ಕಿಗೆ ತಂದು ಕೆಡವಿದಳು. ಒಂದು ಇಂಜೆಕ್ಷನ್ನು ಅವನನ್ನು ಉಳಿಸಿತು.

ನಾಲ್ಕನೇ ದಿನ ಅವನು ಸೀತಮ್ಮನ ಬಾಗಿಲಿಗೆ ಹೋದ. ದುಡ್ಡು ಕೇಳಲಿಲ್ಲ, ಬೈಯಲಿಲ್ಲ. "ಸೀತಮ್ಮನೋರೇ, ಪಟ್ಟಿಗೆ ಕಡಲೆಕಾಯಿ ಬೀಜ ಅಂತ ಒಂದು ಹೆಸರು ಸೇರಿಸಿ. ಅಷ್ಟೇ ಸಾಕು."

"ಅದನ್ನ ಹಾಕಿದ್ರೆ ಕೊಬ್ಬರಿಗೆ ಗತಿ ಇಲ್ಲ ಅಂತ ಬೋರ್ಡ್ ಬರೆಸ್ದಂಗೆ ಕಣಪ್ಪ. ಯಾರು ತಗೋತಾರೆ? ನನ್ನ ಮಡಿ ಮೇಲೆ ಅನುಮಾನಾನಾ ನಿಂಗೆ?"

"ಮಡಿ ಅಲ್ಲಮ್ಮ, ಬೀಜ..."

"ಊರೆಲ್ಲ ತಿಂದು ಗುಂಡುಕಲ್ಲಿನ ಹಾಗಿದಾರೆ. ನಿನ್ನೊಬ್ಬನ ಗಂಟ್ಲಿಗೆ ರಾಜಮರ್ಯಾದೆ ಬೇಕಾ?"

ಅವನು ಅರ್ಜಿ ಬರೆದ. ಫುಡ್ ಇನ್‌ಸ್ಪೆಕ್ಟರು ಬಂದು, ತಿರುಮಲೇಶ ತರಿಸಿದ ಕಾಫಿ ಕುಡಿದು, ಪೊಟ್ಟಣ ಮೂಸಿ ನೋಡಿದ. "ಮರದ ಹೊಟ್ಟು ಸೇರ್ಸಿದ್ರೆ ಹೇಳಿ, ಹಿಡಿದು ಹಾಕ್ತೀನಿ. ಕಡಲೆಕಾಯಿ ವಿಷಾನಾ ಸಾರ್? ದಿನಾ ಸಂಜೆ ನಾನೇ ತಿಂತೀನಿ." ಹೋಗುವಾಗ ಎರಡು ಪೊಟ್ಟಣ ಚೀಲಕ್ಕೆ ಹಾಕಿಕೊಂಡ.

ಅಲ್ಲಿಂದ ಬೀದಿಯಲ್ಲಿ ಬದರಿನಾಥನಿಗೆ ನಡೆಯುವುದೇ ಕಷ್ಟವಾಯಿತು. ವಿಧವೆಯ ಅನ್ನಕ್ಕೆ ಕಲ್ಲು ಹಾಕುವವನು ಎಂದರು. "ಪುಡಿಲಿ ಬೆಳ್ಳುಳ್ಳಿ ಇತ್ತೇನ್ರೀ?" ಎಂದು ಗಾಬರಿಯಿಂದ ಕೇಳಿದವರು, ಇಲ್ಲ ಎಂದ ತಕ್ಷಣ "ಮತ್ತೇನ್ರೀ ನಿಮ್ಮದು!" ಎಂದು ಹೊರಟುಹೋದರು. ವ್ಯಾಪಾರ ಮೊದಲಿಗಿಂತ ಚುರುಕಾಯಿತು.

ಒಂದು ಭಾನುವಾರ ಬೆಳಿಗ್ಗೆ ಅಂಗಡಿ ತುಂಬ ಜನ. ಸೀತಮ್ಮನೂ ಪೊಟ್ಟಣ ಕೊಡಲು, ಅಲ್ಲೇ ಅಂಟಿಸಲು ಲೇಬಲ್ಲಿನ ಕಟ್ಟನ್ನೂ ಹಿಡಿದು ಬಂದಿದ್ದಳು. ಬದರಿನಾಥ ಲೇಬಲ್ಲಿನ ಮಾತೆತ್ತಿದ. ತಿರುಮಲೇಶ ಗಿರಾಕಿಗಳತ್ತ ಒಮ್ಮೆ ಕಣ್ಣು ಹಾಯಿಸಿದ.

"ರಾಯರೇ, ಎಲ್ಲರ ಎದುರಿಗೆ ಒಂದು ಚಿಟಿಕೆ ಬಾಯಿಗೆ ಹಾಕ್ಕೊಳಿ. ಏನಾದ್ರೂ ಆದ್ರೆ ಮಿಕ್ಕ ಲೇಬಲ್ಲು ಇಲ್ಲೇ ಸುಡ್ತೀನಿ. ಹೊಸ ಲೇಬಲ್ ನನ್ನ ಖರ್ಚು. ಏನಂತೀರಿ ಸೀತಮ್ಮನೋರೇ?"

"ಆಗ್ಲಿ," ಎಂದಳು ಸೀತಮ್ಮ. "ಅವನ ನಾಟಕಾನೂ ಮುಗೀಲಿ."

ಪಕ್ಕದಲ್ಲಿದ್ದ ಗುರುಬಸಪ್ಪ ಎಂಬ ನಿವೃತ್ತ ಮೇಷ್ಟ್ರು "ತಿನ್ನಿ ಸಾರ್, ನಾವಿದ್ದೀವಿ" ಎಂದರು.

ಬದರಿನಾಥ ಗುಮಾಸ್ತನಂತೆಯೇ ಲೆಕ್ಕ ಹಾಕಿದ. ಹೋದ ಸಲ ಎರಡು ತುತ್ತು. ಈಗ ಒಂದು ಚಿಟಿಕೆ. ತುಟಿ ಊದಿದರೆ ಸಾಕು, ನಲವತ್ತೆರಡು ವರ್ಷದ ನಗು ಇವತ್ತಿಗೆ ನಿಲ್ಲುತ್ತದೆ. ಆದರೂ ಎಚ್ಚರಿಕೆಯ ಮನುಷ್ಯ. ಅಂಗಡಿಯ ಮೆಟ್ಟಿಲಿಳಿದು ಎದುರಿನ ಕ್ಲಿನಿಕ್ಕಿನತ್ತ ನೋಡಿದ. ಬಾಗಿಲಿಗೆ ಬೇವಿನ ಮರ ಅಡ್ಡ; ಅದರ ಕೆಳಗೆ ಡಾಕ್ಟರ ಸ್ಕೂಟರು ನಿಂತಿತ್ತು. ಸಮಾಧಾನವಾಗಿ ಒಳಗೆ ಬಂದು, ಪೊಟ್ಟಣ ಒಡೆದು, ಚಿಟಿಕೆ ಪುಡಿಯನ್ನು ನಾಲಿಗೆಯ ಮೇಲಿಟ್ಟುಕೊಂಡ.

ಡಾಕ್ಟರು ಸ್ಕೂಟರು ಕೆಟ್ಟಿದ್ದರಿಂದ ಅದನ್ನು ಅಲ್ಲೇ ಬಿಟ್ಟು, ಬಸ್ಸು ಹಿಡಿದು ಬನಶಂಕರಿಗೆ ನಾಮಕರಣದ ಊಟಕ್ಕೆ ಹೋಗಿದ್ದರು.

ಮೊದಲು ತುಟಿ ಊದಿತು. "ಅಯ್ಯೋ, ಚೆನ್ನಾಗಿ ಮಾಡ್ತಾನಲ್ಲ!" ಎಂದು ಯಾರೋ ನಕ್ಕರು. ಅವನು ಕತ್ತು ಹಿಡಿದುಕೊಂಡು ಅಕ್ಕಿ ಮೂಟೆಗೆ ಒರಗಿದ. ಕೈ ಎತ್ತಿ ಲೇಬಲ್ಲಿನ ಕಟ್ಟನ್ನು ತೋರಿಸಿದ. ಸುಡಿ ಎಂದನೋ, ಉಳಿಸಿ ಎಂದನೋ, ಮಾತು ಹೊರಡಲಿಲ್ಲ. ನಗು ನಿಲ್ಲುವ ಹೊತ್ತಿಗೆ ಅವನ ಮುಖ ನೇರಳೆಯಾಗಿತ್ತು. ನಾವಿದ್ದೀವಿ ಎಂದ ಮೇಷ್ಟ್ರು ಇರಲಿಲ್ಲ. ಬೀಗ ಹಾಕಿದ ಕ್ಲಿನಿಕ್ಕಿನ ಮುಂದೆ ಅವನನ್ನು ಮಲಗಿಸಿದರು. ಆಟೋ ಬಂದಾಗ ಆತುರಪಡಬೇಕಾದ್ದೇನೂ ಉಳಿದಿರಲಿಲ್ಲ.

ತಿರುಮಲೇಶ ಗೌರವಕ್ಕೆಂದು ಮಧ್ಯಾಹ್ನದವರೆಗೆ ಅರ್ಧ ಬಾಗಿಲು ಎಳೆದಿದ್ದ. ಲೇಬಲ್ ಸುಡಲಿಲ್ಲ, ಕೇಳಬೇಕಾದವನೇ ಇರಲಿಲ್ಲವಲ್ಲ.

ಮರುದಿನ ವಾರಿಜ ಸರ್ಟಿಫಿಕೇಟಿಗೆ ಡಾಕ್ಟರ ಮುಂದೆ ನಿಂತಳು. ಡಾಕ್ಟರು ಹಾರ್ಟ್ ಅಟ್ಯಾಕ್ ಎಂದು ಬರೆಯಲು ಹೊರಟಿದ್ದರು.

"ಕಡಲೆಕಾಯಿ ಬೀಜದಿಂದ ಅಂತ ಬರೀರಿ ಡಾಕ್ಟ್ರೇ. ನಿಮಗೆ ಗೊತ್ತಲ್ಲ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಬರೀತೀನಮ್ಮ. ಗೊತ್ತಿದ್ದೂ ಗೊತ್ತಿದ್ದೂ ತಾವೇ ತಿಂದ್ರು ಅಂತಾನೂ ಬರೀಬೇಕಾಗತ್ತೆ. ಪೊಲೀಸ್ನೋರು ಆತ್ಮಹತ್ಯೆ ಅಂತಾರೆ. ಪೋಸ್ಟ್‌ಮಾರ್ಟಮ್ಮು, ಆಫೀಸಲ್ಲಿ ಎನ್‌ಕ್ವೈರಿ, ನಿಮ್ಮ ಪೆನ್ಷನ್ನು... ಯೋಚ್ನೆ ಮಾಡಿ."

ವಾರಿಜ ಬಹಳ ಹೊತ್ತು ಯೋಚಿಸಲಿಲ್ಲ. ಮನೆ ಮುಂದೆ ಚಟ್ಟ ಕಟ್ಟುವವರು ಕಾಯುತ್ತಿದ್ದರು.

"ಹಾರ್ಟು ಅಂತ್ಲೇ ಬರೀರಿ," ಎಂದಳು.