ಅಮ್ಮನ ಎಡೆಗೆ ಬಂದ ಕಾಗೆ

ಗೆಳೆಯರೇ, ಕಾಗೆ ಬಂತು! ತಾರಸಿಯಿಂದಲೇ ಅವಸರದಲ್ಲಿ ಟೈಪಿಸುತ್ತಿದ್ದೇನೆ, ತಪ್ಪಾಗಿದ್ದರೆ ಮನ್ನಿಸಿ!

ಇವತ್ತು ನಮ್ಮಮ್ಮ ಗೌರಮ್ಮನ ವರ್ಷದ ಕಾರ್ಯ. ಚಾಮರಾಜಪೇಟೆಯ ನಮ್ಮ ತಾರಸಿಯಲ್ಲಿ ಎಡೆಯಿಟ್ಟು ಮಧ್ಯಾಹ್ನದವರೆಗೂ "ಕಾ ಕಾ" ಎಂದು ಕೂಗಿದೆವು. ಒಂದು ಕಾಗೆಯೂ ಇಲ್ಲ. ನೆಂಟರೆಲ್ಲ ಹಸಿದು ಕೂತಿದ್ದರು. ಅಷ್ಟರಲ್ಲಿ ಸರೋಜಕ್ಕ ದೊಡ್ಡ ಪಾತ್ರೆ ಹಿಡಿದು ಬಂದರು. ಅಮ್ಮನ ಜೊತೆ ದಿನಾ ಆಸ್ಪತ್ರೆಗೆ ಹೋಗಿ, ರೋಗಿಗಳ ಕಡೆಯವರಿಗೆ ಊಟ ಬಡಿಸುತ್ತಿದ್ದವರು ಅವರು.

"ಅಲ್ಲಿ ಜನ ಕಾಯ್ತಿದಾರೆ, ಅನ್ನ ಸಾರು ಹಾಕಿ."

"ಕಾಗೆ ಮುಟ್ಟೋ ಮುಂಚೆ ಒಂದಗುಳೂ ಕೊಡೋ ಹಾಗಿಲ್ಲ!" ದೊಡ್ಡಪ್ಪ ಗುಡುಗಿದರು.

"ಅವ್ರಿಗೆ ಬಡಿಸ್ದೆ ಗೌರಮ್ಮ ಯಾವತ್ತಾದ್ರೂ ಊಟ ಮಾಡಿದ್ರಾ?"

ದೊಡ್ಡಪ್ಪ ಮತ್ತೆ ಗುಡುಗುವ ಮೊದಲೇ ನಾನೇ ಪಾತ್ರೆ ತುಂಬಿ ಸರೋಜಕ್ಕನನ್ನು ಆಟೋ ಹತ್ತಿಸಿದೆ. ತಾರಸಿಗೆ ವಾಪಸು ಬಂದರೆ, ಕಾಗೆ! ಅನ್ನ, ವಡೆ ಯಾವುದನ್ನೂ ನೋಡದೆ ನೇರ ಒಬ್ಬಟ್ಟಿಗೇ ಬಾಯಿ ಹಾಕಿತು!

ಸಕ್ಕರೆ ಕಾಯಿಲೆಯೆಂದು ಅಮ್ಮನ ತಟ್ಟೆಯಿಂದ ಒಬ್ಬಟ್ಟು ಕಿತ್ತುಕೊಳ್ಳುತ್ತಿದ್ದ ಅಪ್ಪ ಈಗ ಕೈಮುಗಿದು ನಿಂತಿದ್ದರು. "ತಿನ್ನೇ, ಇವತ್ತು ಬೈಯಲ್ಲ."

ಕಾಗೆ ಒಬ್ಬಟ್ಟನ್ನು ಕಚ್ಚಿಕೊಂಡು ಪಕ್ಕದ ಮನೆಯ ತಾರಸಿಗೆ ಹಾರಿತು. ಅಪ್ಪನ ಮಾತನ್ನು ಅಮ್ಮ ಯಾವತ್ತು ನಂಬಿದ್ದಳು!